ಬಾಕ್ಸ್ ಬದಲಿಸುವ ಮುಂಚೆ ಕೇಬಲ್ ನೋಡಿ

ಇಲ್ಲಿ ಇಂಗ್ಲೆಂಡಿನಲ್ಲಿ ಕೊಂಡ ಹಳೇ ಯಮಹಾ ಆರ್‌ಡಿ350 ವೈಪಿವಿಎಸ್‌ನ ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ, ವೇಗ ಏರಿದರೆ ಉಸಿರುಗಟ್ಟುತ್ತಿತ್ತು. ‘ಕಂಟ್ರೋಲ್ ಬಾಕ್ಸ್ ಹೋಗಿದೆ, ಹೊಸದು ಹಾಕ್ಸಿ’ ಅಂದ್ರು ಗ್ಯಾರೇಜಿನವರು.

ಈ ಟೂ-ಸ್ಟ್ರೋಕ್‌ನ ಎಕ್ಸಾಸ್ಟ್ ಪೋರ್ಟಿನ ಮೇಲಂಚಿನಲ್ಲಿ ತಿರುಗುವ ವಾಲ್ವ್ ಇದೆ. ನಿಧಾನದಲ್ಲಿ ಅದು ಪೋರ್ಟಿನ ಎತ್ತರ ತಗ್ಗಿಸಿ ಎಳೆತ ಕೊಡುತ್ತೆ. ವೇಗ ಏರಿದಂತೆ ಸರ್ವೊ ಮೋಟರ್ ಕೇಬಲ್ ಎಳೆದು ತೆರೆಯುತ್ತೆ. ತೆರೆಯದಿದ್ದರೆ ಮೇಲೆ ಪವರ್ ಇಲ್ಲ, ಮುಚ್ಚದಿದ್ದರೆ ಕೆಳಗೆ ದಮ್ಮಿಲ್ಲ.

ಕೇಬಲ್ ಕಳಚಿ ವಾಲ್ವನ್ನು ಕೈಲಿ ತಿರುಗಿಸಿ. ಬಿಗಿಯಾಗಿದ್ದರೆ ಮೊದಲ ಅನುಮಾನ ಆಯಿಲ್ ಮಸಿ. ಸಲೀಸಾಗಿದ್ದರೆ ಕೇಬಲ್, ಪುಲ್ಲಿಯ ಗುರುತು ನೋಡಿ. ಸರ್ವೊ, ಬಾಕ್ಸ್ ಕಡೆಗೆ. ತಪ್ಪು ನನ್ನದೇ: ಕೇಬಲ್ ಸಡಿಲ ಬಿಟ್ಟಿದ್ದೆ. ಖರ್ಚು ಸೊನ್ನೆ.

ರಿಪೇರಿಯ ಹಕ್ಕು ಅಂದ್ರೆ ನನಗೆ ಇಷ್ಟೇ: ಬಿಚ್ಚಿ ನೋಡಲು ಬಿಡುವ ಯಂತ್ರ, ಕೈಗೆ ಸಿಗುವ ಮ್ಯಾನ್ಯುಯಲ್. ಸೀಲ್ ಮಾಡಿದ ಗಾಡಿಯಾಗಿದ್ದರೆ ಕೇಬಲ್ ತಪ್ಪಿಗೂ ಬಾಕ್ಸಿನ ದುಡ್ಡು ತೆರಬೇಕಿತ್ತು.