ಫಲಿತಾಂಶವೊಂದೇ ಸಾಲದು: ಶಾಲೆಗಳನ್ನು ಹೋಲಿಸುವಾಗ ಕನ್ನಡ ಕುಟುಂಬಗಳು ಗಮನಿಸಬೇಕಾದುದೇನು?

ದಾಖಲಾತಿಯ ದಿನಗಳು ಬಂದೊಡನೆ ಗಡಿನಾಡಿನ ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ ಒಂದೇ: ಊರಿನಲ್ಲಿರುವ ಸರ್ಕಾರಿ ಶಾಲೆಗಳಲ್ಲಿ ಯಾವುದು ಉತ್ತಮ? ಹತ್ತನೆಯ ತರಗತಿಯ ಫಲಿತಾಂಶ, ಕಟ್ಟಡ, ಕಂಪ್ಯೂಟರ್ ಕೊಠಡಿ, ಆಂಗ್ಲ ಮಾಧ್ಯಮದ ಫಲಕ ಇವನ್ನು ನೋಡಿ ನಾವು ತೀರ್ಮಾನಕ್ಕೆ ಬರುತ್ತೇವೆ. ಇವು ಮುಖ್ಯವಲ್ಲವೆಂದಲ್ಲ. ಆದರೆ ಭಾಷಾ ಅಲ್ಪಸಂಖ್ಯಾತ ಮಗುವಿನ ಮಟ್ಟಿಗೆ ಈ ಅಳತೆಗೋಲು ಅಪೂರ್ಣ.

ಮೊದಲು ಫಲಿತಾಂಶವನ್ನೇ ಪರಿಶೀಲಿಸೋಣ. ಎಂಟು ಮಕ್ಕಳು ಪರೀಕ್ಷೆ ಬರೆದ ಶಾಲೆಯಲ್ಲಿ ಒಬ್ಬರು ಅನುತ್ತೀರ್ಣರಾದರೆ ಫಲಿತಾಂಶ ಶೇ. 87.5ಕ್ಕೆ ಇಳಿಯುತ್ತದೆ. 200 ಮಕ್ಕಳ ಶಾಲೆಯಲ್ಲಿ 20 ಮಂದಿ ಅನುತ್ತೀರ್ಣರಾದರೂ ಅದು ಶೇ. 90 ಎಂದು ಮೆರೆಯುತ್ತದೆ. ಆದುದರಿಂದ ಚಿಕ್ಕ ಕನ್ನಡ ಶಾಲೆಯನ್ನು ಒಂದು ವರ್ಷದ ಅಂಕಿಯಿಂದ ಅಳೆಯುವುದು ನ್ಯಾಯವಲ್ಲ. ಐದು ವರ್ಷಗಳ ಫಲಿತಾಂಶವನ್ನು ಒಟ್ಟಿಗೆ ನೋಡಬೇಕು. ಎಂಟನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೆಯ ಪರೀಕ್ಷೆಯವರೆಗೆ ಉಳಿದರೆಂಬುದನ್ನೂ ಕೇಳಬೇಕು.

ಎರಡನೆಯದು ಶಿಕ್ಷಕರು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು, 61ರಿಂದ 90ರ ತನಕ ಮೂವರು ಶಿಕ್ಷಕರಿರಬೇಕು. ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕು. ಪ್ರತಿ ಶಾಲೆಗೂ 11 ಅಂಕಿಗಳ ಯುಡೈಸ್ ಸಂಖ್ಯೆಯಿದೆ. ಅದರ ಮೂಲಕ ಶಿಕ್ಷಕರ ಸಂಖ್ಯೆ, ಬೋಧನಾ ಮಾಧ್ಯಮ, ಗ್ರಂಥಾಲಯ, ಶೌಚಾಲಯಗಳ ವಿವರವನ್ನು ಯಾರಾದರೂ ನೋಡಬಹುದು. ಆದರೆ ಶಿಕ್ಷಕರಿಗೆ ಮಗುವಿನ ಭಾಷೆ ಬರುತ್ತದೆಯೇ ಎಂಬುದನ್ನು ತರಗತಿಗೆ ಹೋಗಿಯೇ ತಿಳಿಯಬೇಕು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗ ಪೋಷಕರೂ ಮಕ್ಕಳೂ ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ದಾಖಲೆಯಲ್ಲಿ ಹುದ್ದೆ ಭರ್ತಿ. ಮಗುವಿಗೆ ಮಾತ್ರ ಪಾಠವಿಲ್ಲ.

ಮೂರನೆಯದು ರಾಜ್ಯಭಾಷೆ. ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ತಮಿಳು ಕಡ್ಡಾಯ ವಿಷಯ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಹತ್ತನೆಯ ತರಗತಿಯ ತಮಿಳು ಪರೀಕ್ಷೆಯಿಂದ ದೊರೆತಿದ್ದ ವಿನಾಯಿತಿಯನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಒಂದು ವರ್ಷಕ್ಕಷ್ಟೇ ವಿಸ್ತರಿಸಿತು. ತಾತ್ಕಾಲಿಕ ವಿನಾಯಿತಿಯನ್ನು ನಂಬಿ ಕೂರಲಾಗದು. ಮನೆಯಲ್ಲಿ ತಮಿಳಾಡದ ಮಗುವಿಗೆ ಆ ಭಾಷೆಯನ್ನು ಮೊದಲ ಅಕ್ಷರದಿಂದ ಕಲಿಸಬಲ್ಲ ಶಿಕ್ಷಕರಿದ್ದಾರೆಯೇ ಎಂದೂ ವಿಚಾರಿಸಬೇಕು.

ಮಾಧ್ಯಮದ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ತೇನಿ ಜಿಲ್ಲೆಯ ಮಾರ್ಕಯನ್‌ಕೋಟ್ಟೈ ಹಾಗೂ ಕಂಬಂ ಕಣಿವೆಯ ಊರುಗಳತ್ತ ನೋಡಿರಿ. ಇಲ್ಲಿನ ಕಪ್ಪಿಲಿಯರ್, ಅನುಪ್ಪರ್ ಮನೆಗಳು ತಲೆಮಾರುಗಳಿಂದ ಕನ್ನಡದ ಮಾತನ್ನು ಉಳಿಸಿಕೊಂಡಿವೆ. ಶಾಲೆಯ ಅಕ್ಷರ ಮಾತ್ರ ತಮಿಳು. ಈ ರಾಜ್ಯದ ಸರ್ಕಾರಿ ಶಾಲೆಗಳು ಕೀಳೆಂದು ಯಾರೂ ಹೇಳಲಾರರು; 2022ರಲ್ಲಿ ಆರಂಭವಾದ ಯೋಜನೆಯಂತೆ ಪ್ರಾಥಮಿಕ ಮಕ್ಕಳಿಗೆ ಬೆಳಗಿನ ಉಪಾಹಾರವೂ ಉಂಟು. ಆದರೂ ಅಜ್ಜಿಯ ಮಾತನ್ನು ಬರೆದಿಡಲು ಮೊಮ್ಮಗಳಿಗೆ ಕನ್ನಡದ ಅಕ್ಷರ ಗೊತ್ತಿರುವುದಿಲ್ಲ. ಯಾವ ಶ್ರೇಯಾಂಕ ಪಟ್ಟಿಯೂ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯದು.

ಕನ್ನಡ ಮಾಧ್ಯಮ ಇನ್ನೂ ಇರುವ ಊರುಗಳವರ ಕೈಯಲ್ಲಿ ಎರಡು ಆಧಾರಗಳಿವೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಒದಗಿಸಬೇಕೆನ್ನುತ್ತದೆ. 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವು ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು ನಿರ್ಣಯಿಸಿತು. ಹತ್ತು ಮಕ್ಕಳ ತರಗತಿಯಿಂದ ಒಬ್ಬರನ್ನು ಬಿಡಿಸಿದರೆ ಉಳಿದ ಒಂಬತ್ತು ಮಂದಿಯ ಬೇಡಿಕೆಯೂ ದುರ್ಬಲವಾಗುತ್ತದೆ.

ಹಾಗೆಂದು ಕೊರತೆಯುಳ್ಳ ಶಾಲೆಯನ್ನು ಮೌನವಾಗಿ ಸಹಿಸಬೇಕಿಲ್ಲ. ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ. ಶಿಕ್ಷಕರಿಲ್ಲದಿದ್ದರೆ, ಪಠ್ಯಪುಸ್ತಕ ತಡವಾದರೆ ಸಭೆಯಲ್ಲಿ ನಿರ್ಣಯ ಮಾಡಿ, ಶಿಕ್ಷಣಾಧಿಕಾರಿಗೆ ಲಿಖಿತವಾಗಿ ಕಳುಹಿಸಿ, ಸ್ವೀಕೃತಿ ಪಡೆದಿಡಬೇಕು. ವರ್ಗಾವಣೆ ಪತ್ರ ಕೇಳುವ ಮುನ್ನ ಈ ಅರ್ಜಿಯನ್ನು ಬರೆಯೋಣ.