ತೈಲದ ಹಣ, ಬ್ಯಾಂಕಿನ ಸಾಲ, ಜನರ ಮಾತು: ಮೆಕ್ಸಿಕೋ ಬಿಕ್ಕಟ್ಟನ್ನು ಕುರಿತು

ತೈಲ ರಫ್ತು ಮಾಡುವ ರಾಷ್ಟ್ರಗಳ ಆದಾಯವು ಬ್ಯಾಂಕುಗಳ ಮೂಲಕ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಸಾಲರೂಪದಲ್ಲಿ ಹರಿಯುವ ಪ್ರಕ್ರಿಯೆಯನ್ನು ‘ಪೆಟ್ರೋಡಾಲರ್ ಮರುಚಲಾವಣೆ’ ಎಂದು ಕರೆಯಲಾಗಿದೆ. ಅರ್ಥಶಾಸ್ತ್ರಕ್ಕೆ ಸೇರಿದ ಈ ವಿಷಯದಲ್ಲಿ ಜಾನಪದ ಅಧ್ಯಯನಕ್ಕೇನು ಕೆಲಸ ಎಂಬ ಪ್ರಶ್ನೆ ಸಹಜ. ಆದರೆ ಸಾಲವೆಂಬುದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಉಳಿಯುವುದಿಲ್ಲ. ಅದನ್ನು ತೀರಿಸುವ ಜನರ ಮಾತಿನಲ್ಲಿ, ಅಡ್ಡಹೆಸರುಗಳಲ್ಲಿ, ಕುಚೋದ್ಯದಲ್ಲಿಯೂ ಉಳಿಯುತ್ತದೆ. 1982ರ ಮೆಕ್ಸಿಕೋ ಬಿಕ್ಕಟ್ಟನ್ನು ಆಧಾರವಾಗಿಟ್ಟುಕೊಂಡು, ಹಣದ ಹರಿವು ಹೇಗೆ ನಡೆಯಿತು, ಅದರ ಅಪಾಯ ಯಾರ ಪಾಲಿಗೆ ಬಂದಿತು, ಜನರ ಮಾತು ಅದರಲ್ಲಿ ಏನನ್ನು ಹಿಡಿದಿಟ್ಟಿತು ಮತ್ತು ಏನನ್ನು ಬಿಟ್ಟಿತು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹರಿವಿನ ಹಾದಿ

1973ರ ಅಕ್ಟೋಬರ್‌ನಲ್ಲಿ ಒಂದು ಬ್ಯಾರಲ್ ಕಚ್ಚಾತೈಲದ ಘೋಷಿತ ಬೆಲೆ ಸುಮಾರು 3 ಡಾಲರ್ ಇದ್ದಿತು. ಅರಬ್–ಇಸ್ರೇಲ್ ಯುದ್ಧ ಮತ್ತು ತೈಲ ನಿರ್ಬಂಧದ ನಂತರ, 1974ರ ಜನವರಿಯಲ್ಲಿ ಅದು 11.65 ಡಾಲರ್‌ಗೆ ಏರಿತು. ಸೌದಿ ಅರೇಬಿಯಾ, ಕುವೈತ್ ಮುಂತಾದ ರಾಷ್ಟ್ರಗಳಿಗೆ ತಾವು ಕೂಡಲೇ ವೆಚ್ಚ ಮಾಡಲಾರದಷ್ಟು ಹಣ ಸಂಗ್ರಹವಾಯಿತು. ಅದರ ಒಂದು ಭಾಗ ಅಮೆರಿಕದ ಸರ್ಕಾರಿ ಸಾಲಪತ್ರಗಳಿಗೆ ಹೋಯಿತು. ಮತ್ತೊಂದು ಭಾಗ ಲಂಡನ್ ಮೊದಲಾದೆಡೆಯ ಬ್ಯಾಂಕುಗಳಲ್ಲಿ ಡಾಲರ್ ಠೇವಣಿಯಾಯಿತು. ಅಮೆರಿಕದ ಹೊರಗಿದ್ದ ಡಾಲರ್ ಠೇವಣಿಗಳ ಈ ವ್ಯವಸ್ಥೆಯೇ ಯೂರೋಡಾಲರ್ ಮಾರುಕಟ್ಟೆ. ಅಮೆರಿಕದ ಮೀಸಲು ನಿಯಮಗಳು ಇದಕ್ಕೆ ಅನ್ವಯಿಸುತ್ತಿರಲಿಲ್ಲ.

ಠೇವಣಿಗೆ ಬಡ್ಡಿ ಕೊಡಬೇಕಾದ ಬ್ಯಾಂಕು ಸಾಲಗಾರರನ್ನು ಹುಡುಕಲೇಬೇಕು. ಮೆಕ್ಸಿಕೋ, ಬ್ರೆಜಿಲ್, ಅರ್ಜೆಂಟೀನಾಗಳು ಬಹುಮಟ್ಟಿಗೆ ಹೀಗೆ ಸಾಲಗಾರರಾದವು. ಹಲವು ಬ್ಯಾಂಕುಗಳು ಕೂಡಿ ಒಂದೇ ಸಾಲವನ್ನು ಹಂಚಿಕೊಂಡು ಕೊಡುತ್ತಿದ್ದ ಸಿಂಡಿಕೇಟ್ ಪದ್ಧತಿ ಇದಕ್ಕೆ ನೆರವಾಯಿತು. ಠೇವಣಿ ಇಟ್ಟ ತೈಲರಾಷ್ಟ್ರಕ್ಕೂ ಸಾಲ ಪಡೆದ ರಾಷ್ಟ್ರಕ್ಕೂ ನೇರ ಸಂಬಂಧವೇ ಇರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಸಾಲ ಮುಳುಗಿದರೆ ನಷ್ಟ ಬ್ಯಾಂಕಿನದೇ ಹೊರತು ಠೇವಣಿದಾರನದಲ್ಲ.

ತೇಲುವ ಬಡ್ಡಿ

ಠೇವಣಿಗಳು ಅಲ್ಪಾವಧಿಯವು, ಸಾಲಗಳು ದೀರ್ಘಾವಧಿಯವು. ಈ ಅಂತರದ ಅಪಾಯವನ್ನು ಬ್ಯಾಂಕುಗಳು ತಮ್ಮಲ್ಲಿ ಉಳಿಸಿಕೊಳ್ಳಲಿಲ್ಲ. ಲಂಡನ್ನಿನ ಬ್ಯಾಂಕುಗಳ ನಡುವಣ ಬಡ್ಡಿದರವಾದ ಲೈಬಾರ್‌ಗೆ ಒಂದಿಷ್ಟು ಹೆಚ್ಚುವರಿ ಸೇರಿಸಿ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬಡ್ಡಿಯನ್ನು ಮರುನಿಗದಿ ಮಾಡುವ ಷರತ್ತು ಸಾಲಪತ್ರಗಳಲ್ಲಿತ್ತು. ಉದಾಹರಣೆಗೆ, ಹೆಚ್ಚುವರಿ ಶೇ. 1 ಎಂದಿಟ್ಟುಕೊಂಡರೆ, ಲೈಬಾರ್ ಶೇ. 6 ಇದ್ದಾಗ 100 ಕೋಟಿ ಡಾಲರ್ ಸಾಲಕ್ಕೆ ವರ್ಷದ ಬಡ್ಡಿ 7 ಕೋಟಿ, ಲೈಬಾರ್ ಶೇ. 16 ಆದಾಗ ಅದೇ ಸಾಲಕ್ಕೆ 17 ಕೋಟಿ. ಸಾಲಗಾರನು ಒಂದು ಡಾಲರನ್ನೂ ಹೊಸದಾಗಿ ಪಡೆಯದಿದ್ದರೂ ಹೊರೆ ಇಮ್ಮಡಿಗೂ ಮೀರುತ್ತದೆ. ಇದು ಕೇವಲ ಕಲ್ಪನೆಯಲ್ಲ. 1979ರ ಅಕ್ಟೋಬರ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಪಾಲ್ ವೋಲ್ಕರ್ ಹಣದುಬ್ಬರ ತಡೆಯಲು ಕೈಗೊಂಡ ಬಿಗಿ ಕ್ರಮಗಳಿಂದಾಗಿ 1981ರಲ್ಲಿ ಲೈಬಾರ್ ಶೇ. 16ನ್ನು ದಾಟಿತು.

ಮೆಕ್ಸಿಕೋದ ಅನುಭವ

ಮೆಕ್ಸಿಕೋ ಸ್ವತಃ ತೈಲಸಂಪನ್ನ ದೇಶ. ಕಾಂಪೆಚೆ ಕೊಲ್ಲಿಯ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದುದನ್ನು ಕಂಡು ಪೆಮೆಕ್ಸ್ ಸಂಸ್ಥೆಗೆ ತಿಳಿಸಿದವನು ರುದೆಸಿಂದೊ ಕಾಂತರೆಲ್ ಎಂಬ ಬೆಸ್ತ. 1976ರಲ್ಲಿ ಅಲ್ಲಿ ಪತ್ತೆಯಾದ ಬೃಹತ್ ನಿಕ್ಷೇಪಕ್ಕೆ ಅವನ ಹೆಸರನ್ನೇ ಇಡಲಾಯಿತು. ನೆಲದಡಿಯ ಈ ನಿಧಿ ಬ್ಯಾಂಕುಗಳ ಕಣ್ಣಿಗೆ ಅಡಮಾನದಂತೆ ಕಂಡಿತು, ಸಾಲ ಸುಲಭವಾಯಿತು. 1981ರ ಮಧ್ಯಭಾಗದಲ್ಲಿ ತೈಲದ ಬೆಲೆ ಇಳಿಯತೊಡಗಿದಾಗ ಆದಾಯ ಕುಗ್ಗಿತು, ಬಡ್ಡಿ ಮಾತ್ರ ಏರಿಯೇ ಇತ್ತು. 1982ರ ಆಗಸ್ಟ್‌ನಲ್ಲಿ ಅರ್ಥಸಚಿವ ಹೆಸೂಸ್ ಸಿಲ್ವಾ ಹೆರ್ಸೋಗ್ ಕಂತು ಕಟ್ಟಲು ಸಾಧ್ಯವಿಲ್ಲವೆಂದು ಅಮೆರಿಕಕ್ಕೆ ತಿಳಿಸಿದರು. ಆಗ ದೇಶದ ಹೊರಸಾಲ 8,000 ಕೋಟಿ ಡಾಲರ್‌ಗಳನ್ನು ಮೀರಿತ್ತು. ಲ್ಯಾಟಿನ್ ಅಮೆರಿಕದ ‘ಕಳೆದುಹೋದ ದಶಕ’ ಆರಂಭವಾದುದು ಹೀಗೆ. ಸಾಲದ ಒಂದಂಶವನ್ನು ಬಿಟ್ಟುಕೊಡುವ ಮಾತನ್ನು ಸಾಲಿಗರು ಒಪ್ಪಿದುದು 1989ರ ಬ್ರೇಡಿ ಯೋಜನೆಯಲ್ಲಿ. ಅಷ್ಟರಲ್ಲಿ ಏಳು ವರ್ಷಗಳು ಸಂದಿದ್ದವು. ಆ ವರ್ಷಗಳಲ್ಲಿ ದುಡಿಯುವವರ ಕೂಲಿಯ ನೈಜ ಮೌಲ್ಯ ತೀವ್ರವಾಗಿ ಕುಸಿದಿತ್ತು.

ಜನರ ಮಾತು

ಅಧ್ಯಕ್ಷ ಹೊಸೆ ಲೋಪೆಸ್ ಪೋರ್ತಿಯೊ ತಾವು ಪೆಸೊ ನಾಣ್ಯವನ್ನು ನಾಯಿಯಂತೆ ಕಾಯುವುದಾಗಿ ಸಾರಿದ್ದರು. 1982ರ ಫೆಬ್ರವರಿಯಲ್ಲಿ ಪೆಸೊ ಅಪಮೌಲ್ಯಗೊಂಡಿತು. ಆ ಬಳಿಕ ಜನರು ಅವರನ್ನು ಕಂಡಲ್ಲಿ ಬೊಗಳಿ ಅಣಕಿಸಿದರು; ಗುಡ್ಡದ ಮೇಲಣ ಅವರ ನಿವಾಸವನ್ನು ‘ನಾಯಿಗುಡ್ಡ’ ಎಂದು ಕರೆದರು. ಆಳುವವನ ಮಾತನ್ನೇ ಹಿಡಿದು ಅವನಿಗೆ ತಿರುಗಿಸುವ ಇಂಥ ಅಡ್ಡಹೆಸರು ಜನಪದ ವಿಡಂಬನೆಯ ಸ್ಪಷ್ಟ ಮಾದರಿ. ಕೊಟ್ಟ ಮಾತಿಗೆ ತಪ್ಪಿದವನು ಉತ್ತರದಾಯಿ ಎಂಬ ನ್ಯಾಯ ಅದರಲ್ಲಿದೆ.

ಆದರೆ ವಿಡಂಬನೆಗೆ ಒಂದು ಮುಖ ಬೇಕು. ನೂರಾರು ಬ್ಯಾಂಕುಗಳಿಗೆ ಹಂಚಿಹೋದ ಸಾಲಕ್ಕೆ ಮುಖವಿರಲಿಲ್ಲ. ಬಡ್ಡಿಯ ಷರತ್ತಿಗಂತೂ ಇರಲೇ ಇಲ್ಲ. ಊರಿನ ಸಾಹುಕಾರನನ್ನು ಕುರಿತು ಕಥೆ ಕಟ್ಟಬಹುದು, ಲೈಬಾರನ್ನು ಕುರಿತು ಕಟ್ಟುವುದು ಕಷ್ಟ. ಹೀಗಾಗಿ ಅಧ್ಯಕ್ಷರ ವೈಫಲ್ಯವು ಹೆಸರು ಪಡೆದು ಉಳಿಯಿತು. ಅಪಾಯವನ್ನೆಲ್ಲ ಸಾಲಗಾರನ ಹೆಗಲಿಗೆ ದಾಟಿಸಿದ ವ್ಯವಸ್ಥೆ ಹೆಸರಿಲ್ಲದೆ ಪಾರಾಯಿತು. ಜನರ ಮಾತು ಸುಳ್ಳಲ್ಲ, ಅಪೂರ್ಣ. ಲೆಕ್ಕಪತ್ರವೂ ಅಷ್ಟೇ ಅಪೂರ್ಣ: ಮೊತ್ತವೆಷ್ಟೆಂದು ಅದು ಹೇಳುತ್ತದೆ, ಅವಮಾನವೆಷ್ಟೆಂದು ಹೇಳುವುದಿಲ್ಲ. ಎರಡನ್ನೂ ಜೊತೆಗಿರಿಸಿ ಓದಿದಾಗ ಮಾತ್ರ ಸಾಲದ ಚರಿತ್ರೆ ಪೂರ್ಣವಾದೀತು.

ಡಾಲರ್ ಲೈಬಾರ್ 2023ರ ಜೂನ್‌ನಲ್ಲಿ ಬಳಕೆಯಿಂದ ಸರಿಯಿತು. ತೈಲದ ಹೆಚ್ಚುವರಿ ಹಣವೂ ಈಚಿನ ದಶಕಗಳಲ್ಲಿ ಬ್ಯಾಂಕುಗಳ ಜೊತೆಗೆ ಸರ್ಕಾರಿ ಹೂಡಿಕೆ ನಿಧಿಗಳ ಹಾದಿಯನ್ನು ಹಿಡಿದಿದೆ. ಅದೇ ಆದಾಯದ ಬೇರೊಂದು ಕವಲು ಕರ್ನಾಟಕದ ಕರಾವಳಿಗೂ ತಲುಪಿದೆ. ಅದು ಸಾಲವಲ್ಲ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದವರು ಬ್ಯಾಂಕಿನ ಮೂಲಕ ಮನೆಗೆ ಕಳುಹಿಸಿದ ಗಳಿಕೆ. ಆ ಹಣದ ಸುತ್ತ ಬೆಳೆದ ಗಾದೆ, ಅಡ್ಡಹೆಸರು, ಹಾಸ್ಯಗಳನ್ನು ಸಂಗ್ರಹಿಸಿ, ಲೆಕ್ಕದ ದಾಖಲೆಗಳೊಡನೆ ಹೋಲಿಸಿ ನೋಡುವ ಕಾರ್ಯ ನಮ್ಮ ಜಾನಪದ ಸಂಶೋಧನೆಯಲ್ಲಿ ನಡೆಯಬೇಕಾಗಿದೆ.