ಎಂಜಿನಿನ ಹಳದಿ ದೀಪ

ಮೋಟಾರು ಕಾರಿನ ಮುಂಫಲಕದಲ್ಲಿ, ವೇಗಮಾಪಕದ ಆಸುಪಾಸಿನಲ್ಲಿ, ಪುಟ್ಟದೊಂದು ಹಳದಿ ದೀಪವಿರುತ್ತದೆ. ಕೀಲಿ ತಿರುಗಿಸಿದಾಗ ಹೊತ್ತಿಕೊಂಡು, ಎಂಜಿನು ಓಡತೊಡಗಿದೊಡನೆ ಆರಿಹೋಗುವುದು ಅದರ ಧರ್ಮ. ಆರದೆ ಉಳಿದರೆ ಹೊಸ ಕಾರಿನ ಒಡೆಯನು ಹೆಚ್ಚು ಚಿಂತಿಸಬೇಕಾಗಿಲ್ಲ. ತಯಾರಕರ ಭರವಸೆಪತ್ರ ಅವನ ಕೈಯಲ್ಲಿರುತ್ತದೆ. ಇಪ್ಪತ್ತೈದು ವರ್ಷದ ಹಳೆಯ ಕಾರನ್ನು ಅಕ್ಕರೆಯಿಂದ ಇಟ್ಟುಕೊಂಡವನ ಪಾಡು ಬೇರೆ. ಕ್ಯಾಲಿಫೋರ್ನಿಯದಲ್ಲಿ ಈ ದೀಪ ಉರಿಯುತ್ತಿರುವ ಕಾರು ಹೊಗೆ ತಪಾಸಣೆಯಲ್ಲಿ ತೇರ್ಗಡೆಯಾಗದು. ತೇರ್ಗಡೆಯಾಗದಿದ್ದರೆ ನೋಂದಣಿಯ ನವೀಕರಣವಿಲ್ಲ. ಬರಿಯ ಊಹೆಯ ಮೇಲೆ ಬಿಡಿಭಾಗಗಳನ್ನು ಬದಲಿಸುತ್ತ ಹೊರಟರೆ ವೆಚ್ಚವು ಕಾರಿನ ಬೆಲೆಯನ್ನೇ ನುಂಗೀತು.

ಜಪಾನಿನ ಮಾಜ್ದಾ ಕಂಪೆನಿಯ ಮಿಯಾಟಾ ಎಂಬ ಎರಡು ಆಸನದ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳೋಣ. ೧೯೮೯ರ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು ೨೦೧೬ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ನಮ್ಮ ಮುಂದಿರುವುದು ೧೯೯೯ರ ಮಾದರಿ ಎಂದಿಟ್ಟುಕೊಳ್ಳಿ. ಅಮೆರಿಕದಲ್ಲಿ ೧೯೯೬ರ ಮಾದರಿಯಿಂದ ಮುಂದಕ್ಕೆ ಎಲ್ಲ ಕಾರುಗಳಿಗೂ ಕಡ್ಡಾಯವಾದ ಹದಿನಾರು ರಂಧ್ರಗಳ ಸಾಕೆಟ್ ಇದರಲ್ಲಿಯೂ ಉಂಟು. ಅಗ್ಗದ ಓದುಯಂತ್ರವೊಂದನ್ನು ಅದಕ್ಕೆ ಸಿಕ್ಕಿಸಿದರೆ ಸಂಕೇತವೊಂದು ಮೂಡುತ್ತದೆ: ಪಿ ೦೧೭೧. ಮಿಶ್ರಣ ತೆಳುವಾಗಿದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಮೆಯಾಗಿದೆ ಎಂದು ಅದರ ಅರ್ಥ.

ಇದು ಎಂಜಿನಿಗೆ ತಿಳಿದುದಾದರೂ ಹೇಗೆ? ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ಗ್ರಾಂ ಗಾಳಿ ಬೇಕು. ಹೊಗೆಕೊಳವೆಯಲ್ಲಿ ಜಿರ್ಕೋನಿಯದಿಂದ ಮಾಡಿದ, ಬೆರಳತುದಿಯಷ್ಟು ದೊಡ್ಡದಾದ ಸಂವೇದಕವೊಂದಿರುತ್ತದೆ. ಅದರ ಒಂದು ಮುಖಕ್ಕೆ ಹೊರಗಾಳಿ, ಇನ್ನೊಂದಕ್ಕೆ ಹೊಗೆ. ಕಾದ ಸ್ಥಿತಿಯಲ್ಲಿ ಎರಡು ಕಡೆಯ ಆಮ್ಲಜನಕದ ಅಂತರಕ್ಕೆ ಅನುಗುಣವಾಗಿ ಅದರಲ್ಲಿ ವಿದ್ಯುತ್ ಒತ್ತಡ ಹುಟ್ಟುತ್ತದೆ: ಮಿಶ್ರಣ ದಟ್ಟವಾಗಿದ್ದರೆ ೦.೯ ವೋಲ್ಟಿನಷ್ಟು, ತೆಳುವಾಗಿದ್ದರೆ ೦.೧ರಷ್ಟು. ಇದನ್ನು ಓದಿಕೊಂಡು ಗಣಕವು ಪೆಟ್ರೋಲನ್ನು ಎಡೆಬಿಡದೆ ಹೆಚ್ಚುಕಡಮೆ ಮಾಡುತ್ತ, ಆ ತಿದ್ದುಪಡಿಯನ್ನು ಶೇಕಡಾ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತದೆ. ತಿದ್ದುಪಡಿ ಮಿತಿಮೀರಿದಾಗ ದೀಪ ಹೊತ್ತುತ್ತದೆ.

ಸಂವೇದಕವನ್ನೇ ದೂಷಿಸಿ ಹೊಸದನ್ನು ಹಾಕಿಸುವವರು ಬಹಳ ಮಂದಿ. ಆದರೆ ಅದು ಸಾಕ್ಷಿಯೇ ಹೊರತು ಅಪರಾಧಿಯಲ್ಲ. ಸಾಕ್ಷಿಯ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕೆನ್ನಿ: ಸಂವೇದಕಕ್ಕಿಂತ ಮೊದಲೇ ಹೊಗೆಕೊಳವೆ ಬಿರುಕುಬಿಟ್ಟು ಹೊರಗಾಳಿ ನುಸುಳಿದರೆ, ಅಥವಾ ಸ್ಪಾರ್ಕ್ ಪ್ಲಗ್ಗಿನ ಹಳೆಯ ತಂತಿಯ ದೆಸೆಯಿಂದ ಒಂದು ಸಿಲಿಂಡರು ಉರಿಯದೆ ಹೋದರೆ, ಉಪಯೋಗವಾಗದ ಆಮ್ಲಜನಕವನ್ನು ಕಂಡು ಅದು “ತೆಳು” ಎಂದೇ ನುಡಿಯುತ್ತದೆ. ಸಿಲಿಂಡರು ತೀರ ತಪ್ಪುತ್ತಿದ್ದರೆ ದೀಪ ಮಿನುಗತೊಡಗುತ್ತದೆ. ಆಗ ಪರೀಕ್ಷೆಯ ಮಾತೇ ಇಲ್ಲ, ಕಾರನ್ನು ನಿಲ್ಲಿಸಬೇಕು. ಉರಿಯದ ಪೆಟ್ರೋಲು ಹೊಗೆಯನ್ನು ಶುದ್ಧಿಮಾಡುವ ವೇಗವರ್ಧಕಕ್ಕೆ ಹೋಗಿ ಅಲ್ಲಿ ಉರಿದು, ಅದನ್ನು ಕರಗಿಸಿಬಿಡಬಲ್ಲುದು.

ಇವೆರಡೂ ಇಲ್ಲವೆಂದು ಖಚಿತವಾದ ಮೇಲೆ ಅದೇ ಓದುಯಂತ್ರದಲ್ಲಿ ತಿದ್ದುಪಡಿಯ ಶೇಕಡಾವನ್ನು ಎರಡು ಸಲ ನೋಡಬೇಕು: ಕಾರು ನಿಂತಲ್ಲಿಯೇ ಎಂಜಿನು ಮೆಲ್ಲಗೆ ಓಡುವಾಗ ಒಮ್ಮೆ, ನಿಮಿಷಕ್ಕೆ ೨೫೦೦ ಸುತ್ತು ತಿರುಗುವಾಗ ಇನ್ನೊಮ್ಮೆ. ಮೆಲ್ಲಗೆ ಓಡುವ ಎಂಜಿನು ಸೆಕೆಂಡಿಗೆ ೩ ಗ್ರಾಂ ಗಾಳಿ ಎಳೆದುಕೊಳ್ಳುವುದೆಂದೂ, ಅಳತೆಯ ಉಪಕರಣವನ್ನು ದಾಟಿದ ಮೇಲೆ ಎಲ್ಲಿಯೋ ಒಂದು ಬಿರುಕಿನಿಂದ ಅರ್ಧ ಗ್ರಾಂ ಕಳ್ಳಗಾಳಿ ಸೇರುವುದೆಂದೂ ಭಾವಿಸೋಣ. ತಪ್ಪು ಶೇಕಡಾ ೧೭ರಷ್ಟಾಯಿತು. ವೇಗ ಹೆಚ್ಚಿ ಗಾಳಿ ೧೨ ಗ್ರಾಂ ಆದಾಗ ಕಳ್ಳಗಾಳಿ ಹೆಚ್ಚಲಿಲ್ಲವೆಂದರೆ ತಪ್ಪು ಶೇಕಡಾ ೪ಕ್ಕೆ ಇಳಿಯುತ್ತದೆ. ಥ್ರಾಟಲ್ ಕವಾಟವನ್ನು ಇನ್ನೂ ಅಗಲವಾಗಿ ತೆರೆದರೆ ಒಳಗಿನ ನಿರ್ವಾತವೇ ಕುಗ್ಗುವುದರಿಂದ ಬಿರುಕಿನ ಎಳೆತವೂ ಕುಗ್ಗುತ್ತದೆ. ಆದ್ದರಿಂದ ನಿಂತಾಗ ಹೆಚ್ಚಾಗಿದ್ದು ವೇಗದಲ್ಲಿ ಇಳಿಯುವ ತಿದ್ದುಪಡಿ ಗಾಳಿ ಸೋರಿಕೆಯ ಗುರುತು. ವೇಗವೂ ಭಾರವೂ ಹೆಚ್ಚಿದಂತೆ ತಿದ್ದುಪಡಿ ಏರುತ್ತ ಹೋದರೆ ಪೆಟ್ರೋಲು ಪಂಪು, ಕಟ್ಟಿಕೊಂಡ ಸೋಸುಕ, ಅಥವಾ ಕೊಳೆ ಹಿಡಿದ ಗಾಳಿಮಾಪಕದ ಕಡೆ ನೋಡಬೇಕು. ತರಗತಿಯಲ್ಲಿ ಶೇಕಡಾ ದೋಷವನ್ನು ಬಿಡಿಸಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ದೊರೆತಿಲ್ಲ.

ಹಳೆಯ ಕಾರಿನಲ್ಲಿ ಸೋರಿಕೆಯೇ ಹೆಚ್ಚು ಸಂಭವನೀಯ. ಎಂಜಿನಿನ ಕಾವಿನಲ್ಲಿ ಕಾಲು ಶತಮಾನ ಬೆಂದ ರಬ್ಬರು ಕೊಳವೆಗಳು ಗಡುಸಾಗಿ ಸೀಳುತ್ತವೆ. ಸೀಳು ಮಡಿಕೆಯ ಒಳಗಿದ್ದರೆ ಕಣ್ಣಿಗೆ ಬೀಳದು. ಬೇಗ ಹೊತ್ತಿಕೊಳ್ಳುವ ದ್ರವವನ್ನು ಸಿಂಪಡಿಸಿ ಪರೀಕ್ಷಿಸುವ ರೂಢಿಯೊಂದುಂಟು. ಬಿಸಿ ಎಂಜಿನಿನ ಮೇಲೆ ಅದನ್ನು ನಾವು ಒಪ್ಪಲಾರೆವು. ಎಂಜಿನು ನಿಂತಿರುವಾಗ ಅಲ್ಪ ಒತ್ತಡದಲ್ಲಿ ಹೊಗೆಯನ್ನು ಒಳಗೆ ತುಂಬಿ, ಅದು ಎಲ್ಲಿಂದ ಹೊರಬರುವುದೆಂದು ನೋಡುವುದೇ ಮೇಲು.

ಸಂಕೇತವನ್ನು ಅಳಿಸುವ ಮುನ್ನ ಒಂದು ಮಾತು. ದೋಷ ಕಂಡ ಗಳಿಗೆಯ ವೇಗ, ಉಷ್ಣತೆ ಮುಂತಾದುವನ್ನು ಗಣಕವು ದಾಖಲಿಸಿಟ್ಟಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ, ಮೊದಲೇ ಬರೆದಿಟ್ಟುಕೊಳ್ಳಬೇಕು. ತಪಾಸಣೆಯ ಹಿಂದಿನ ದಿನ ಅಳಿಸಿ ದೀಪವನ್ನು ಆರಿಸುವ ಜಾಣತನವೂ ಫಲಿಸದು. ಗಣಕದ ಸ್ವಪರೀಕ್ಷೆಗಳು ಮುಗಿದಿಲ್ಲವೆಂಬುದು ತಪಾಸಕನ ಯಂತ್ರದಲ್ಲಿ ಕಾಣುತ್ತದೆ. ಕೊಳವೆ ಬದಲಿಸಿ ಅಳಿಸಿದ ಬಳಿಕ ಕೆಲವು ದಿನ ಎಂದಿನಂತೆ ಓಡಿಸಿ, ನಿಂತಾಗಿನ ತಿದ್ದುಪಡಿಯನ್ನು ಮತ್ತೆ ಓದಬೇಕು. ಅದು ಸೊನ್ನೆಯ ಸಮೀಪಕ್ಕೆ ಬಂದಿದ್ದರೆ ಕಾರನ್ನು ತಪಾಸಣೆಗೆ ಒಯ್ಯಬಹುದು.